ಕಿಗ್ಗದಿಂದ ಎಳೆಸಿಕೊಂಡು ಬಂದ ಭಾನುವಾರ

ಕಾರು ನಿಂತದ್ದು ಸಿರಿಮನೆಯಿಂದ ಕಿಗ್ಗಕ್ಕೆ ಬರುವ ದಾರಿಯಲ್ಲಿ, ಭಾನುವಾರ ಬೆಳಿಗ್ಗೆ ಎಂಟೂವರೆಗೆ. ದೊಡ್ಡ ಸದ್ದೇನೂ ಆಗಲಿಲ್ಲ. ಬಾನೆಟ್ಟಿನ ಒಳಗೆ ಪಟ್ ಎಂದಿತು, ಎಂಜಿನ್ನು ಸುಮ್ಮನಾಯಿತು. ಇದ್ದ ಓಟದಲ್ಲೇ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ.

ತಾಲ್ಲೂಕು ಕಚೇರಿಯಲ್ಲಿ ನನ್ನ ಎದುರು ಮೇಜಿನಲ್ಲಿ ಹದಿನೆಂಟು ವರ್ಷ ಕೂತಿದ್ದವರೊಬ್ಬರು ನಿವೃತ್ತಿಯ ನಂತರ ಸಿರಿಮನೆಯಲ್ಲಿ ನೆಲೆಸಿದ್ದಾರೆ. ಹಿಂದಿನ ದಿನ ಅವರ ಮನೆಗೆ ಹೋಗಿ ಉಳಿದಿದ್ದೆ. ಹೆಂಡತಿಗೆ ಮೊಣಕಾಲು ನೋವಾದ್ದರಿಂದ ಅವಳು ನರಸಿಂಹರಾಜಪುರದ ಮನೆಯಲ್ಲೇ ಇದ್ದಳು. ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಅವಳಿಗೆ ಹೇಳಿದ್ದೆ.

ಫೋನಿಗೆ ಸಿಗ್ನಲ್ ಒಂದೇ ಕಡ್ಡಿ. ನಮ್ಮೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಸದ್ದು ಹೇಗೆ ಬಂತೆಂದು ಎರಡು ಸಲ ಕೇಳಿ ಅವನು ಹೇಳಿದ: "ಟೈಮಿಂಗ್ ಬೆಲ್ಟ್ ತುಂಡಾಗಿದೆ ಸಾರ್. ಮತ್ತೆ ಸ್ಟಾರ್ಟ್ ಮಾಡಕ್ಕೆ ಹೋಗ್ಬೇಡಿ, ಎಂಜಿನ್ ಪೂರ್ತಿ ಹಾಳಾಗತ್ತೆ. ಅಲ್ಲೆಲ್ಲೂ ಬಿಚ್ಚಿಸ್ಬೇಡಿ. ಹೆಂಗಾದ್ರೂ ಇಲ್ಲಿಗೆ ಎಳ್ಸಿಕೊಂಡು ಬನ್ನಿ." ಕಾರನ್ನು ಹೊತ್ತು ತರುವ ಲಾರಿಯವರನ್ನೂ ಅವನೇ ವಿಚಾರಿಸಿದ. ಅವರು ಮಂಗಳವಾರದ ತನಕ ಸಿಗುವುದಿಲ್ಲ ಎಂದರಂತೆ.

ನಾನು ಕಾರಿನ ಪಕ್ಕ ನಿಂತಿದ್ದೆ. ಒಂದು ಬೈಕು ಹೋಯಿತು, ಜಲಪಾತ ನೋಡಲು ಹೊರಟಿದ್ದ ಎರಡು ಕಾರು ಹೋದವು. ಮುಕ್ಕಾಲು ಗಂಟೆಯಾದ ಮೇಲೆ ಕಿಗ್ಗದ ಕಡೆಯಿಂದ ಒಂದು ಬಿಳಿ ಪಿಕಪ್ ಬರುವುದು ಕಾಣಿಸಿತು. ಮುಂದಿನ ಗಾಜಿನ ಮೇಲೆ ಅಂಟಿಸಿದ್ದ ಹಸಿರು ಪಟ್ಟಿ ನೋಡಿದ ಕೂಡಲೇ ಯಾರದೆಂದು ತಿಳಿಯಿತು. ಆಗ ನನ್ನ ಮನಸ್ಸಿಗೆ ಮೊದಲು ಬಂದ ಯೋಚನೆ, ಕಾರಿನ ಆಚೆ ಬದಿಗೆ ಹೋಗಿ ಬಗ್ಗಿ ಕೂತುಬಿಡೋಣ ಎಂಬುದು. ಅರವತ್ತೆರಡು ವರ್ಷದ ಗಂಡಸು ನಾನು. ಒಂದು ಹೆಜ್ಜೆ ಇಟ್ಟೂ ಇದ್ದೆ.

ಪಿಕಪ್ಪಿನವನು ನಮ್ಮ ಎದುರು ಸಾಲಿನ ಮನೆಯವನು. ಬಾಡಿಗೆಗೆ ಸಾಮಾನು ಸಾಗಿಸುತ್ತಾನೆ. ವಯಸ್ಸು ನಲವತ್ತೈದರ ಆಸುಪಾಸು. ಒಂದೂವರೆ ವರ್ಷದ ಹಿಂದೆ ನಾನು ಅವನ ಮೇಲೆ ಹೆಸರಿಲ್ಲದ ಅರ್ಜಿಯೊಂದನ್ನು ಪಂಚಾಯಿತಿ ಕಚೇರಿಗೆ ಕಳಿಸಿದ್ದೆ. ಅದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಅವನು ರಾತ್ರಿ ತನ್ನ ಗಾಡಿಯನ್ನು ನಮ್ಮ ಕಾಂಪೌಂಡಿನ ಪಕ್ಕ ನಿಲ್ಲಿಸುತ್ತಿದ್ದ. ನಮ್ಮ ಅಡ್ಡರಸ್ತೆ ಅಗಲವಿಲ್ಲ. ನಾನು ಕಾರು ಕೊಂಡದ್ದು ನಿವೃತ್ತಿಯ ನಂತರ. ಓಡಿಸಲು ಕಲಿತದ್ದೂ ಆಮೇಲೆಯೇ. ಗೇಟಿನ ಒಳಗೆ ತಿರುಗಿಸುವಾಗ ಎರಡು ಸಲ ನನ್ನ ಕನ್ನಡಿ ಅವನ ಗಾಡಿಗೆ ತಾಗಿತ್ತು. ತಪ್ಪು ನನ್ನ ಕೈಯದು. ಒಮ್ಮೆ ಅವನಿಗೆ ಹೇಳಿದೆ. ಅವನು ನಕ್ಕು ಎರಡಡಿ ಹಿಂದಕ್ಕೆ ನಿಲ್ಲಿಸಿದ. ಇನ್ನೊಮ್ಮೆ ಹೇಳಿದ್ದರೆ ಇನ್ನೆರಡಡಿ ಹೋಗುತ್ತಿದ್ದ. ಆದರೆ ನನಗೆ ಎದುರಿಗೆ ನಿಂತು ಎರಡನೆಯ ಸಲ ಕೇಳುವ ಅಭ್ಯಾಸವಿಲ್ಲ. ಊರಿನಲ್ಲಿ ನನಗೊಂದು ಹೆಸರಿತ್ತು. ಜಗಳಕ್ಕೆ ಹೋಗದವರು, ಯಾರಿಗೆ ಅರ್ಜಿ ಬೇಕಾದರೂ ಕೂತು ಬರೆದುಕೊಡುವವರು. ಪಿಂಚಣಿ, ಖಾತೆ ಬದಲಾವಣೆ, ನೀರಿನ ನಳ, ಎಲ್ಲಕ್ಕೂ ನನ್ನ ಬಳಿ ಬರುತ್ತಿದ್ದರು. ಆ ಹೆಸರನ್ನು ಉಳಿಸಿಕೊಂಡೇ ಕೆಲಸ ಆಗಬೇಕೆಂದು ನನಗಿದ್ದದ್ದು. ಒಂದು ಸಂಜೆ ಕೂತು ಬರೆದೆ, ಕೊಪ್ಪಕ್ಕೆ ಹೋದಾಗ ಟೈಪು ಮಾಡಿಸಿ ಅಲ್ಲಿಂದಲೇ ಅಂಚೆಗೆ ಹಾಕಿದೆ. ತಿಂಗಳಲ್ಲಿ ಕಚೇರಿಯವರು ಬಂದು ಆ ರಸ್ತೆಯಲ್ಲಿ ಸರಕಿನ ಗಾಡಿ ನಿಲ್ಲಿಸಬಾರದೆಂದು ಹೇಳಿ ಹೋದರು. ಅಂದಿನಿಂದ ಅವನು ಹಿನ್ನೀರಿನ ಕಡೆಯ ಮೈದಾನದಲ್ಲಿ ಗಾಡಿ ಬಿಟ್ಟು ನಡೆದು ಬರುತ್ತಿದ್ದ. ಮನೆಗೆ ಹದಿನೈದು ನಿಮಿಷದ ದಾರಿ. ಎದುರಾದರೆ ನಾನು ತಲೆಯಾಡಿಸಿ ಬೇಗ ಬೇಗ ಒಳಗೆ ಹೋಗುತ್ತಿದ್ದೆ.

ಆ ಮನುಷ್ಯ ಈಗ ಕಿಗ್ಗದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೆಳಗಿಳಿದ.

"ಎಂತ ಆಯ್ತು ಮಾರಾಯ್ರೆ? ಇಲ್ಲಿ ನಿಂತಿದೀರಲ್ಲ."

ಹೇಳಿದೆ. ವರ್ಗವಾಗಿ ಬಂದ ಮೇಷ್ಟ್ರೊಬ್ಬರ ಮನೆ ಸಾಮಾನನ್ನು ಬೆಳಿಗ್ಗೆ ಕಿಗ್ಗದಲ್ಲಿ ಇಳಿಸಿ, ಹೇಗೂ ಬಂದಿದ್ದೇನೆಂದು ಜಲಪಾತ ನೋಡಿಕೊಂಡು ಹೋಗಲು ಹೊರಟಿದ್ದನಂತೆ. ಇಪ್ಪತ್ತು ವರ್ಷದಿಂದ ಈ ಕಡೆ ಬಂದರೂ ಒಮ್ಮೆಯೂ ನೋಡಿರಲಿಲ್ಲವಂತೆ. ಅವನು ಬಾನೆಟ್ ಎತ್ತಿ ನೋಡಿದ, ಕೈ ಒರೆಸಿಕೊಂಡ.

"ಖಾಲಿ ಗಾಡಿ ಹೋಗ್ತಾ ಇದೆ. ಕಟ್ಟಿಕೊಂಡು ಹೋಗಣ."

"ಎಪ್ಪತ್ತು ಕಿಲೋಮೀಟರ್ ಇದೆಯಲ್ಲ. ನೀವು ಜಲಪಾತ ನೋಡ್ಬೇಕಂತ ಹೊರಟಿದ್ರಿ."

"ನೀರು ಎಲ್ಲಿಗೆ ಹೋಗತ್ತೆ, ಇನ್ನೊಂದ್ಸಲ ನೋಡಿದ್ರಾಯ್ತು" ಎಂದು ಪಿಕಪ್ಪಿನ ಹಿಂದೆ ಹತ್ತಿ ಹಗ್ಗ ತೆಗೆದ. ಹೆಬ್ಬೆರಳಿಗಿಂತ ದಪ್ಪದ ನೈಲಾನ್ ಹಗ್ಗ. ಅದನ್ನು ಎರಡೆಳೆ ಮಾಡಿ ಕಟ್ಟಿ, ನಡುವೆ ಒಂದು ಕೆಂಪು ಬಟ್ಟೆ ಗಂಟು ಹಾಕಿ, ಸಣ್ಣ ಮಕ್ಕಳಿಗೆ ಹೇಳಿಕೊಡುವ ಹಾಗೆ ನನಗೆ ಹೇಳಿಕೊಟ್ಟ.

"ಕೀ ಆನ್ ಮಾಡೇ ಇಡಿ, ಇಲ್ದಿದ್ರೆ ಸ್ಟೇರಿಂಗ್ ಲಾಕ್ ಆಗತ್ತೆ. ಗೇರು ನ್ಯೂಟ್ರಲ್. ಎಂಜಿನ್ ಇಲ್ದೆ ಬ್ರೇಕು ಕಲ್ಲಿನ ಹಂಗೆ ಇರತ್ತೆ, ಕಾಲಿಟ್ಟು ನಿಂತ್ಕೊಂಡ ಹಂಗೆ ಒತ್ತಬೇಕು. ಹಗ್ಗ ಯಾವಾಗ್ಲೂ ಬಿಗಿ ಇರ್ಲಿ. ಇಳಿಜಾರಲ್ಲಿ ಬ್ರೇಕ್ ಹಾಕೋದು ನೀವು, ನಾನಲ್ಲ. ನಿಮ್ಮ ಬ್ರೇಕಲ್ಲೇ ಎರಡೂ ಗಾಡಿ ಇಳೀಬೇಕು."

"ನನ್ನ ಕೈಲಿ ಆಗತ್ತಾ?"

"ಆಗ್ದೆ ಎಂತ. ಹೆದರಿಕೆ ಆದ್ರೆ ಹಾರನ್ ಹೊಡೀರಿ, ನಿಲ್ಲಿಸ್ತೀನಿ."

ಹೊರಟೆವು. ಎಳೆಸಿಕೊಂಡು ಹೋಗುವ ಕಾರಿನಲ್ಲಿ ಸದ್ದೇ ಇರುವುದಿಲ್ಲ. ಟೈರು ಉರುಳುವುದು ಮತ್ತು ನಾಲ್ಕೂ ದೀಪ ಮಿನುಗುವಾಗ ಬರುವ ಟಿಕ್ ಟಿಕ್, ಇಷ್ಟೇ. ಮುಂದೆ ಕಾಣುವುದು ಪಿಕಪ್ಪಿನ ಹಿಂಬಾಗಿಲು ಮಾತ್ರ. ರಸ್ತೆ ಹೇಗಿದೆ, ಎದುರಿಗೆ ಏನು ಬರುತ್ತಿದೆ, ಒಂದೂ ತಿಳಿಯದು. ಅವನ ಕೆಂಪು ದೀಪ ಹತ್ತಿದರೆ ಒತ್ತಬೇಕು, ಅವನು ತಿರುಗಿದ ಕಡೆ ತಿರುಗಬೇಕು. ಯಾರ ಮುಖ ತಪ್ಪಿಸಿಕೊಂಡು ಒಂದೂವರೆ ವರ್ಷ ಓಡಾಡಿದೆನೋ ಅವನ ಬೆನ್ನನ್ನು ಕಣ್ಣು ಮಿಟುಕಿಸದೆ ನೋಡುತ್ತ ನಾನು ಕಿಗ್ಗದಿಂದ ಹೊರಟೆ.

ಶೃಂಗೇರಿಯಲ್ಲಿ ಭಾನುವಾರದ ಜನ. ಪೇಟೆಯ ನಡುವೆ ನಡೆಯುವ ವೇಗದಲ್ಲಿ ಹೋಗಬೇಕಾಯಿತು. ದರ್ಶನಕ್ಕೆ ಬಂದವರು ದಾರಿ ಬಿಟ್ಟು ನಿಂತು ಹಗ್ಗ ನೋಡಿ, ಕೆಂಪು ಬಟ್ಟೆ ನೋಡಿ, ಕೊನೆಗೆ ನನ್ನ ಮುಖ ನೋಡುತ್ತಿದ್ದರು. ಹೂವಿನ ಅಂಗಡಿಯ ಮುಂದೆ ನಮ್ಮ ಕಚೇರಿಯ ಹಳೆಯ ಪರಿಚಯದವರೊಬ್ಬರು ಕಂಡರು. "ಏನ್ ಸಾರ್, ಕರು ಹೊಡ್ಕಂಡು ಹೋದಂಗೆ ಹೊಡ್ಕಂಡು ಹೊರಟ್ರಲ್ಲ ನಿಮ್ಮನ್ನ" ಎಂದರು. ಕಿಟಕಿಯ ಗಾಜು ಏರಿಸಿ ಸೀಟಿನಲ್ಲಿ ಸ್ವಲ್ಪ ಕೆಳಕ್ಕೆ ಜಾರಿದೆ. ಆ ಕ್ಷಣದಲ್ಲಿ ಹಗ್ಗ ಸಡಿಲಾದದ್ದು ನೋಡಲಿಲ್ಲ. ಪಿಕಪ್ ಮುಂದಕ್ಕೆ ಎಳೆದ ಕೂಡಲೇ ಜಗ್ಗಿ, ಒಂದೆಳೆ ಹಗ್ಗ ತುಂಡಾಗಿ ನನ್ನ ಬಾನೆಟ್ಟಿಗೆ ಬಡಿಯಿತು. ಜನ ಸೇರಿದರು. ಅವನು ಇಳಿದು ಬಂದ. ನನ್ನ ಕಡೆ ಒಮ್ಮೆ ನೋಡಿ, ಸುತ್ತ ನಿಂತವರಿಗೆ, "ಹಳೇ ಹಗ್ಗ, ಇನ್ನೆಷ್ಟು ತಡೆಯತ್ತೆ" ಎಂದ. ಗಂಟು ಹಾಕಿದ ಮೇಲೆ ಹಗ್ಗ ಮೊದಲಿಗಿಂತ ಎರಡಡಿ ಚಿಕ್ಕದಾಯಿತು. ಹಗ್ಗ ಹಳೆಯದಲ್ಲ ಎಂಬುದು ನನಗೂ ಕಂಡಿತ್ತು.

ಹರಿಹರಪುರದ ಕಡೆ ರಸ್ತೆ ಅಗೆದಿದ್ದಾರೆಂದು ಅವನು ಜಯಪುರದ ದಾರಿ ಹಿಡಿದ. ತಿರುವುಗಳಲ್ಲಿ ನನ್ನ ಎರಡೂ ತೋಳು ನೋಯತೊಡಗಿದವು. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ನಿಜವಾಗಿಯೂ ನಿಂತುಕೊಂಡೆ. ಒಂದೆರಡು ಸಲ ಹಾರನ್ ಹೊಡೆಯುವ ಹಾಗಾಯಿತು; ಹೊಡೆಯಲಿಲ್ಲ. ಜಯಪುರ ಇನ್ನು ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಾಗ ಪಿಕಪ್ ಒಂದು ಬದಿಗೆ ವಾಲಿತು. ಹಿಂದಿನ ಬಲ ಚಕ್ರ ಪಂಕ್ಚರ್.

ನಾನು ಇಳಿದು ಹೋಗಿ ಕೇಳಿದೆ. "ಸ್ಟೆಪ್ನಿ ಎಲ್ಲಿ ಇಟ್ಟಿದೀರಿ? ಜಾಕ್ ನಾನು ಹಿಡೀತೀನಿ."

"ಸ್ಟೆಪ್ನಿ ಇಲ್ಲ" ಎಂದ ಅವನು, ಚಕ್ರದ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು. "ಮೈದಾನದಲ್ಲಿ ನಿಲ್ಲಿಸಿದ್ನಲ್ಲ, ಯಾರೋ ಬಿಚ್ಚಿಕೊಂಡು ಹೋದ್ರು. ಮನೆ ಮುಂದೆ ಹನ್ನೆರಡು ವರ್ಷ ನಿಲ್ಲಿಸಿದೀನಿ, ಒಂದು ನಟ್ಟು ಹೋಗಿರ್ಲಿಲ್ಲ. ಅಲ್ಲಿ ಮೂರು ತಿಂಗಳಿಗೆ ಸ್ಟೆಪ್ನಿನೂ ಹೋಯ್ತು, ಟಾರ್ಪಾಲೂ ಹೋಯ್ತು."

ನಾನು ಚಕ್ರವನ್ನೇ ನೋಡುತ್ತ ನಿಂತೆ. ಅವನು ಚಕ್ರ ಬಿಚ್ಚಿದ. ಜಯಪುರದ ಕಡೆ ಹೋಗುವ ಬಸ್ಸು ಬಂದಾಗ ಅದರಲ್ಲಿ ಚಕ್ರ ಹಾಕಿಕೊಂಡು ಹೋದ. ನಾನು ಎರಡು ಗಾಡಿಗಳನ್ನು ಕಾಯುತ್ತ ರಸ್ತೆಯ ಪಕ್ಕದ ಮೋರಿಕಟ್ಟೆಯ ಮೇಲೆ ಕೂತೆ. ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿತ್ತು. ಅವನಿಗೆ ಗೊತ್ತಿದೆಯೇ? ಗೊತ್ತಿದ್ದೇ ಹೇಳಿದನೇ? ಗೊತ್ತಿದ್ದರೆ ಎಳೆದುಕೊಂಡು ಬರುತ್ತಿದ್ದನೇ? ಸ್ಟೆಪ್ನಿ ಹೋದದ್ದಕ್ಕಿಂತ ನಾನು ಸಿಕ್ಕಿಬೀಳುತ್ತೇನೆಯೇ ಎಂಬ ಚಿಂತೆಯೇ ನನಗೆ ಹೆಚ್ಚಾಗಿತ್ತು. ಅದನ್ನು ಈಗ ಬರೆಯಲೂ ಮನಸ್ಸಾಗುವುದಿಲ್ಲ.

ಅವನು ಆಟೋದಲ್ಲಿ ಹಿಂದಿರುಗಿದ. ಚಕ್ರದ ಜೊತೆಗೆ ನನಗೆಂದು ಎರಡು ಬಾಳೆಹಣ್ಣು, ಒಂದು ಬಾಟಲಿ ನೀರು ತಂದಿದ್ದ. ಚಕ್ರ ಹಾಕಿದ ಮೇಲೆ ಇಬ್ಬರೂ ಮೋರಿಕಟ್ಟೆಯ ಮೇಲೆ ಕೂತೆವು. ಆಗ ಅವನಾಗಿಯೇ ಮಾತೆತ್ತಿದ.

"ಅವತ್ತು ಆ ಅರ್ಜಿ ಹಾಕಿದ್ದು ಯಾರು ಗೊತ್ತಾ ನಿಮಗೆ?"

ಬಾಳೆಹಣ್ಣು ನನ್ನ ಬಾಯಲ್ಲಿತ್ತು. ಇಲ್ಲವೆಂದು ತಲೆಯಲ್ಲಾಡಿಸಿದೆ.

"ನಮ್ಮ ಟೈಲರಣ್ಣ."

ಟೈಲರ್ ಎಂದರೆ ನಮ್ಮ ಕಾಂಪೌಂಡಿನ ನೇರ ಎದುರಿಗೆ ಅಂಗಡಿ ಇಟ್ಟವರು. ನಮ್ಮ ಅಡ್ಡರಸ್ತೆಯಲ್ಲಿ ಇರುವುದು ಅದೊಂದೇ ಅಂಗಡಿ. ಅವರಿಗೂ ಪಿಕಪ್ಪಿನವನಿಗೂ ವಯಸ್ಸಿನಲ್ಲಿ ಹತ್ತು ಹನ್ನೆರಡು ವರ್ಷದ ಅಂತರವಿದ್ದರೂ ಬಹಳ ಗೆಳೆತನ. ಭಾನುವಾರ ಇಬ್ಬರೂ ಗಾಳ ಹಿಡಿದು ಹಿನ್ನೀರಿಗೆ ಹೋಗುತ್ತಿದ್ದರು. ಈಚೆಗೆ ಅವರು ಮಾತಾಡುತ್ತಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಯಾಕೆಂದು ಕೇಳಿರಲಿಲ್ಲ.

"ಅವರೇ ಅಂತ ಹೆಂಗೆ ಹೇಳ್ತೀರಿ?" ಎಂದೆ.

"ಕಚೇರಿಲಿ ಅರ್ಜಿ ಓದಿ ಹೇಳಿದ್ರಲ್ಲ. ಗಾಡಿ ನಿಲ್ಲಿಸೋದ್ರಿಂದ ಎದುರಿನ ಅಂಗಡಿಗೆ ಹಗಲೊತ್ತಲ್ಲೂ ಬೆಳಕು ಬೀಳದೆ ಕೆಲಸಕ್ಕೆ ತೊಂದರೆ ಆಗ್ತಿದೆ ಅಂತ ಅದ್ರಲ್ಲಿ ಬರ್ದಿತ್ತು. ಅಲ್ಲಿ ಇರೋದೇ ಒಂದು ಅಂಗಡಿ. ಮತ್ಯಾರು ಬರೀತಾರೆ?"

ಆ ವಾಕ್ಯ ಬರೆದದ್ದು ನಾನು. ಮರೆತು ಬರೆದದ್ದಲ್ಲ. ಅರ್ಜಿಯಲ್ಲಿ ಬರೀ ಗೇಟಿನ ವಿಷಯ ಇದ್ದರೆ ನನ್ನ ಮೇಲೆ ಅನುಮಾನ ಬರುತ್ತದೆಂದು ಯೋಚಿಸಿ, ಗೇಟಿನ ಸಾಲು ಹೊಡೆದುಹಾಕಿ ಈ ಸಾಲು ಸೇರಿಸಿದ್ದೆ. ಟೈಲರು ಒಮ್ಮೆ ನಗುತ್ತ, "ನಿನ್ನ ಗಾಡಿ ಬಂದು ನಿಂತ್ರೆ ನನ್ನ ಅಂಗಡಿಗೆ ಗ್ರಹಣ ಕಣೋ" ಎಂದದ್ದು ನನ್ನ ಜಗಲಿಗೆ ಕೇಳಿಸಿತ್ತು. ಅದನ್ನೇ ಎತ್ತಿಕೊಂಡಿದ್ದೆ. ಬರೆದ ಮೇಲೆ ಓದಿ ನೋಡಿ, ಚೆನ್ನಾಗಿ ಬಂದಿದೆ ಎಂದು ಸಮಾಧಾನವನ್ನೂ ಪಟ್ಟಿದ್ದೆ.

ಅವನು ರಸ್ತೆಯ ಕಡೆ ನೋಡುತ್ತ ಹೇಳುತ್ತ ಹೋದ. "ಎದುರಿಗೆ ಹೇಳಿದ್ರೆ ಅವತ್ತೇ ತೆಗೀತಿದ್ದೆ. ಹೆಸರು ಹಾಕ್ದೆ ಬರ್ದಿದ್ದು ನಂಗೆ ಬೇಜಾರಾಯ್ತು. ಮಾತು ಬಿಟ್ಟೆ. ಆಮೇಲೆ ಅವ್ರ ತಾಯಿ ತೀರಿಕೊಂಡ್ರಲ್ಲ. ಆ ಅಜ್ಜಿ ನಂಗೆ ಎಷ್ಟು ಸಲ ಊಟ ಹಾಕಿದಾರೆ. ನಾನು ಹೋಗ್ಲಿಲ್ಲ. ಸೌದೆ ತರಕ್ಕೆ ಅವ್ರು ಬೇರೆ ಊರಿಂದ ಗಾಡಿ ಕರೆಸಿದ್ರು. ನನ್ನ ಗಾಡಿ ಮೈದಾನದಲ್ಲಿ ಖಾಲಿ ನಿಂತಿತ್ತು, ನಾನು ಅದ್ರೊಳಗೆ ಕೂತಿದ್ದೆ."

ಆ ದಿನ ನಾನು ಅಲ್ಲಿದ್ದೆ. ಬಿಳಿ ಅಂಗಿ ಹಾಕಿಕೊಂಡು ಟೈಲರ ಮನೆಯ ಮುಂದೆ ನಿಂತು, ಬಂದವರಿಗೆ ದಾರಿ ತೋರಿಸಿದ್ದೆ. ಸೌದೆಯ ಗಾಡಿ ಬಂದಾಗ ಹಿಂದಕ್ಕೆ ತಿರುಗಿಸಲು ಕೈ ಮಾಡಿದ್ದೂ ನಾನೇ. ಗುರುತಿಲ್ಲದ ಗಾಡಿ ಯಾಕೆ ಬಂತೆಂದು ಅಂದು ಕ್ಷಣ ಹೊತ್ತು ಯೋಚಿಸಿ ಬಿಟ್ಟುಬಿಟ್ಟಿದ್ದೆ.

ಹೇಳಬೇಕಾಗಿದ್ದುದು ಆಗ, ಆ ಮೋರಿಕಟ್ಟೆಯ ಮೇಲೆ. "ಹೋಗಣ" ಎಂದು ಅವನು ಎದ್ದ. ನಾನೂ ಎದ್ದೆ.

ಜಯಪುರದಿಂದ ಕೊಪ್ಪದವರೆಗೆ ನಾನು ಒಂದೇ ಮಾತನ್ನು ಕಾರಿನೊಳಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತ ಬಂದೆ. ಅವನಿಗೆ ಕೇಳಿಸುವಂತಿರಲಿಲ್ಲ. ನಡುವೆ ಹಗ್ಗ, ಅವನ ಎಂಜಿನ್ನಿನ ಸದ್ದು. "ಅದು ಬರೆದದ್ದು ನಾನು. ಟೈಲರಲ್ಲ, ನಾನು." ಎಷ್ಟು ಸಲ ಹೇಳಿದೆನೋ. ಕೊಪ್ಪದಲ್ಲಿ ಇಳಿದ ತಕ್ಷಣ ಹೇಳುವುದೆಂದು ನಿಶ್ಚಯ ಮಾಡಿದೆ. ಹಾಗೆ ನಿಶ್ಚಯ ಮಾಡಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಹೇಳಿಯೇ ಆಯಿತೇನೋ ಎನಿಸಿತು.

ಕೊಪ್ಪದಲ್ಲಿ ಬಸ್ ಸ್ಟ್ಯಾಂಡಿನ ಆಚೆ ನಿಲ್ಲಿಸಿ ಹೋಟೆಲಿಗೆ ಹೋದೆವು. ಎರಡು ಪ್ಲೇಟ್ ಇಡ್ಲಿ, ಟೀ. ಅವನು ಕೈ ತೊಳೆದು ಬಂದು ನನ್ನ ಎದುರು ಕೂತ. ಅಂಗೈಯಲ್ಲಿ ಹಗ್ಗ ಉಜ್ಜಿ ಕೆಂಪಗೆ ಗೆರೆ ಬಿದ್ದಿತ್ತು.

"ನಿಮಗೊಂದು ವಿಷಯ ಹೇಳ್ಬೇಕು" ಎಂದೆ.

ಅವನು ಟೀ ಲೋಟ ಕೆಳಗಿಟ್ಟು ನೋಡಿದ. ಕಣ್ಣಲ್ಲಿ ಯಾವ ಸಂಶಯವೂ ಇರಲಿಲ್ಲ. ಏನೋ ಸಹಾಯ ಕೇಳುತ್ತಾರೆ, ಮಾಡಿದರಾಯಿತು ಎಂಬಂಥ ನೋಟ.

"ಕಾರಿನ ಬ್ಯಾಟರಿ ಇಳೀತಾ ಇದೆ ಅನಿಸತ್ತೆ. ಇಂಡಿಕೇಟರ್ ಮಂದ ಆಗಿದೆ" ಎಂದೆ.

"ಅದಾ" ಎಂದು ಅವನು ನಕ್ಕ. "ಊರು ಮುಟ್ಟೋವರೆಗೆ ಬರತ್ತೆ ಬಿಡಿ."

ಆ ದಿನ ನಾನು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ನಾಚಿಕೆ ತರುವುದು ಇದೇ. ಅರ್ಜಿ ಬರೆದಾಗ ನನ್ನ ಎದುರಿಗೆ ಅವನ ಮುಖ ಇರಲಿಲ್ಲ. ಇಲ್ಲಿ ಇತ್ತು, ಒಂದು ಮೇಜಿನ ದೂರದಲ್ಲಿ.

ಮಧ್ಯಾಹ್ನ ಮೂರಕ್ಕೆ ನರಸಿಂಹರಾಜಪುರ ಮುಟ್ಟಿದೆವು. ಮೆಕ್ಯಾನಿಕ್ಕಿನ ಶೆಡ್ಡು ಮರುದಿನವೇ ತೆರೆಯುವುದಾದ್ದರಿಂದ ಕಾರನ್ನು ಮನೆಗೇ ತಂದೆವು. ನಮ್ಮ ಅಡ್ಡರಸ್ತೆಗೆ ಬಂದಾಗ ಟೈಲರ್ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮದುವೆಯ ಕಾಲವಾದ್ದರಿಂದ ಅವರು ಭಾನುವಾರವೂ ಹೊಲಿಯುತ್ತಿದ್ದರು. ಪಿಕಪ್ಪಿನವನು ಹಗ್ಗ ಬಿಚ್ಚಿ, ಕಾರನ್ನು ಗೇಟಿನೊಳಗೆ ತಳ್ಳಲು ಹಿಂದೆ ಬಂದ. ಗೇಟಿನ ಮುಂದೆ ಸ್ವಲ್ಪ ಏರು. ಒಬ್ಬನಿಂದ ಆಗಲಿಲ್ಲ. ನಾನು ಇಳಿದು ತಳ್ಳೋಣವೆಂದರೆ ಸ್ಟೇರಿಂಗ್ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಆಗ ಹೊಲಿಗೆಯ ಸದ್ದು ನಿಂತಿತು. ಟೈಲರು ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಎದ್ದು ಬಂದು ಅವನ ಪಕ್ಕದಲ್ಲಿ ಕೈ ಕೊಟ್ಟರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಇಬ್ಬರ ಭುಜ ಒಂದಕ್ಕೊಂದು ತಾಗುವಷ್ಟು ಹತ್ತಿರ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾರು ಒಳಗೆ ಬಂದಿತು. ಟೈಲರು ಅಂಗಡಿಗೆ ಹೋದರು, ಅವನು ಗಾಡಿಗೆ ಹೋದ.

ನನ್ನ ಹೆಂಡತಿ ಕಾಫಿ ಕುಡಿದು ಹೋಗಬೇಕೆಂದು ಬಾಗಿಲಿನಿಂದಲೇ ಕೂಗಿದಳು. "ಇಲ್ಲಿ ಗಾಡಿ ನಿಲ್ಲಿಸೋಹಂಗಿಲ್ಲ ಅಕ್ಕ. ಬಿಟ್ಟು ಬರ್ತೀನಿ" ಎಂದು ಅವನು ಮೈದಾನದ ಕಡೆ ಹೋದ. ಕಾಲು ಗಂಟೆಯ ನಂತರ ನಡೆದುಕೊಂಡು ಬಂದು, ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದ. ದುಡ್ಡಿನ ಮಾತಿಗೆ ಕಿವಿಗೊಡಲಿಲ್ಲ.

ನಾಲ್ಕನೆಯ ದಿನ ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಅಜ್ಜಿ ತೀರಿಕೊಂಡ ದಿನ ನಿಮಗೆ ಇದು ನೆನಪಾಗ್ಲಿಲ್ವಾ?"

"ಇಲ್ಲ."

"ಅದೇ ದೊಡ್ಡ ತಪ್ಪು" ಎಂದಳು. ಸಿಪ್ಪೆಯನ್ನು ಬದಿಗೆ ಸರಿಸಿ, "ಹೋಗಿ ಹೇಳಿ ಬನ್ನಿ. ಇಬ್ಬರಿಗೂ ಹೇಳ್ಬೇಕು. ನಾನು ಜೊತೆಗೆ ಬರಲ್ಲ" ಎಂದಳು.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದೆ. ಅವನು ಪಿಕಪ್ಪಿನ ಗಾಜು ಒರೆಸುತ್ತಿದ್ದ. ಪೀಠಿಕೆ ಹಾಕಿದರೆ ಮತ್ತೆ ಬ್ಯಾಟರಿಯ ಮಾತಿಗೆ ಹೋಗುತ್ತೇನೆಂದು ಗೊತ್ತಿತ್ತು. ನಿಂತಲ್ಲೇ ಹೇಳಿದೆ. ಬೆಳಕಿನ ಸಾಲನ್ನು ಯಾಕೆ ಸೇರಿಸಿದೆ ಎಂಬುದನ್ನೂ ಹೇಳಿದೆ.

ಅವನು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದ. ಗಾಜಿನ ಇನ್ನರ್ಧವನ್ನು ಒರೆಸಿ ಮುಗಿಸಿದ. ಬೈಯುತ್ತಾನೆಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಟೈಲರಣ್ಣಂಗೆ ಈಗ ನಾನು ಎಂತ ಹೇಳ್ಲಿ?" ಎಂದ ಕೊನೆಗೆ. ನನ್ನನ್ನು ಕೇಳಿದಂತಿರಲಿಲ್ಲ. "ಸೌದೆ ತರಕ್ಕೆ ಹೋಗ್ಲಿಲ್ಲ ನಾನು."

"ಅವರಿಗೆ ನಾನೇ ಹೋಗಿ ಹೇಳ್ತೀನಿ."

"ನಿಮ್ಮದು ನೀವು ಹೇಳಿ. ನಂದು ನಾನು ಹೇಳ್ಬೇಕಲ್ಲ." ಬಕೆಟ್ಟಿನ ನೀರು ಚೆಲ್ಲಿ ಗಾಡಿ ಹತ್ತಿದ. ಹೊರಡುವ ಮುಂಚೆ ಕಿಟಕಿಯಿಂದ, "ಬಂದು ಹೇಳಿದ್ರಲ್ಲ, ಆಯ್ತು ಸಾರ್" ಎಂದ. ಅವನು ಅಲ್ಲಿಯ ತನಕ ನನ್ನನ್ನು ಸಾರ್ ಎಂದು ಕರೆದಿರಲಿಲ್ಲ.

ಟೈಲರ ಅಂಗಡಿಗೆ ಹೋದದ್ದು ಅದೇ ಬೆಳಿಗ್ಗೆ. ತಡಮಾಡಿದರೆ ಮತ್ತೆ ಹೋಗುವುದಿಲ್ಲ ಎಂಬಷ್ಟು ನನ್ನ ಪರಿಚಯ ನನಗೆ ಆಗಿತ್ತು. ಅವರು ರವಿಕೆಯೊಂದಕ್ಕೆ ತೋಳು ಕೂಡಿಸುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ಮೆಷಿನ್ನಿನ ಕಾಲ್ಮಣೆಯಿಂದ ಕಾಲು ತೆಗೆದು ಕೂತಿದ್ದರು.

"ನನ್ನ ಹೆಸರು ಬರ್ಬೇಕು ಅಂತಲೇ ಬರ್ದದ್ದಾ?"

"ಹೌದು. ನನ್ನ ಹೆಸರು ಬರಬಾರದು ಅಂತ."

"ಅವ್ನು ನನ್ನ ಕೇಳ್ಬಹುದಿತ್ತು" ಎಂದರು. "ನೀವು ಬರ್ದದ್ದು ಒಂದು ಕಡೆ ಇರ್ಲಿ. ಹದಿನೈದು ವರ್ಷ ಜೊತೆಗಿದ್ದವ್ನು ಒಂದು ಮಾತು ಕೇಳ್ಲಿಲ್ಲ. ಯಾಕೆ ಮಾತು ಬಿಟ್ಟ ಅಂತ್ಲೂ ನಂಗೆ ಇವತ್ತೇ ಗೊತ್ತಾಗಿದ್ದು." ದಾರ ಕಚ್ಚಿ ತುಂಡು ಮಾಡಿ, ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಹೇಳಿದರು: "ಅಮ್ಮನ ಪಿಂಚಣಿ ಅರ್ಜಿ ನೀವೇ ಬರ್ಕೊಟ್ಟಿದ್ರಿ. ತಿಂಗಳಲ್ಲಿ ಮಂಜೂರಾಯ್ತು. ಅವ್ರ ಕೈ ಚಲೋ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ಲು."

ನಾನು ಕ್ಷಮಿಸಿ ಎಂದೆ. ಗಿರಾಕಿಯೊಬ್ಬಳು ಬಂದಳು, ಅವರು ಅಳತೆ ಬರೆದುಕೊಳ್ಳಲು ಪುಸ್ತಕ ತೆಗೆದರು. ನಾನು ಹೊರಗೆ ಬಂದೆ.

ಆ ವಾರವೇ ಪಂಚಾಯಿತಿ ಕಚೇರಿಗೆ ಹೋಗಿ, ಹಿಂದಿನ ಅರ್ಜಿ ನನ್ನದೆಂದೂ ಅದರಲ್ಲಿನ ಸಂಗತಿ ಸುಳ್ಳೆಂದೂ ಬರೆದು ಸಹಿ ಮಾಡಿ ಕೊಟ್ಟೆ. ಮೇಜಿನ ಹಿಂದಿದ್ದ ಹುಡುಗಿ ಅದನ್ನು ಎರಡು ಸಲ ಓದಿ, ಇಂಥ ಅರ್ಜಿಯನ್ನು ಯಾವ ವಿಷಯದ ಕೆಳಗೆ ಹಾಕಬೇಕೆಂದು ನನ್ನನ್ನೇ ಕೇಳಿದಳು. ಸುದ್ದಿ ಊರಲ್ಲಿ ಹರಡಲು ಎರಡು ದಿನ ಸಾಕಾಯಿತು. ಕೆಲವರು ಕೇಳಿಯೇ ಬಿಟ್ಟರು. ಕೆಲವರು ಕೇಳದೆ ಬೇರೆಯವರ ಹತ್ತಿರ ಅರ್ಜಿ ಬರೆಸಿಕೊಳ್ಳತೊಡಗಿದರು. ನಿಷೇಧವನ್ನು ಕಚೇರಿಯವರು ತೆಗೆದರು. ಪಿಕಪ್ಪಿನವನಿಗೆ ನಾನು ಹೇಳಿಕಳಿಸಿದೆ, ಆಮೇಲೆ ನಾನೇ ಹೋಗಿಯೂ ಹೇಳಿದೆ, ಮೊದಲಿನ ಜಾಗದಲ್ಲೇ ನಿಲ್ಲಿಸಿ ಎಂದು. "ನೋಡಣ ಸಾರ್" ಎಂದ. ಈಗ ಅವನ ಗಾಡಿ ಅವನ ಮನೆಯ ಬಾಗಿಲಿಗೆ ಒರಗಿದಂತೆ ನಿಲ್ಲುತ್ತದೆ. ಅವನ ಹೆಂಡತಿ ಒಳಗೆ ಹೋಗಬೇಕಾದರೆ ಅಡ್ಡ ತಿರುಗಿ ಹೋಗಬೇಕು. ನಮ್ಮ ಕಾಂಪೌಂಡಿನ ಪಕ್ಕ ಖಾಲಿಯಾಗಿಯೇ ಇದೆ.

ಅವನು ಟೈಲರಿಗೆ ಏನು ಹೇಳಿದನೋ ನನಗೆ ತಿಳಿಯದು. ಕೇಳುವ ಹಕ್ಕೂ ನನಗಿಲ್ಲ. ಒಂದೂವರೆ ತಿಂಗಳು ಏನೂ ಬದಲಾದಂತೆ ಕಾಣಲಿಲ್ಲ. ಟೈಲರಿಗೆ ಸಿಟ್ಟು ಇಳಿದಿರಲಿಲ್ಲ, ಅದು ನ್ಯಾಯವೇ ಆಗಿತ್ತು. ಆಮೇಲೆ ಒಂದು ದಿನ ಅವರ ಅಂಗಡಿಗೆ ಹೊಸ ಮೆಷಿನ್ ಬಂತು. ತಂದದ್ದು ಅವನ ಪಿಕಪ್ಪಿನಲ್ಲಿ. ಇಬ್ಬರೂ ಎರಡು ಕಡೆ ಹಿಡಿದು ಇಳಿಸುವಾಗ "ನಿನ್ನ ಕಡೆ ಎತ್ತು", "ಹೊಸ್ತಿಲು ಇದೆ, ನೋಡಿ" ಎಂಬ ಎರಡು ಮಾತು ನನ್ನ ಜಗಲಿಗೆ ಕೇಳಿಸಿದವು. ಗಾಳ ಹಿಡಿದು ಹೋಗುವುದನ್ನು ಇನ್ನೂ ನೋಡಿಲ್ಲ.

ಈಗ ಕೆಲವು ಸಂಜೆ ಅವನು ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಟೈಲರು ಕಾಜಾ ಹೊಲಿಯುತ್ತ ಏನೋ ಹೇಳುತ್ತಿರುತ್ತಾರೆ. ನಾನು ಗೇಟು ತೆಗೆದು ಹೊರಗೆ ಬಂದರೆ ಮಾತು ನಿಲ್ಲುತ್ತದೆ. ಇಬ್ಬರೂ ನನಗೆ ತಲೆಯಾಡಿಸುತ್ತಾರೆ, ನಾನೂ ಆಡಿಸುತ್ತೇನೆ. ನಾನು ದಾಟಿ ತಿರುವಿಗೆ ಹೋಗುವಷ್ಟರಲ್ಲಿ ಮಾತು ಮತ್ತೆ ಶುರುವಾಗುತ್ತದೆ. ನಾನು ಸ್ವಲ್ಪ ಬೇಗ ನಡೆಯುತ್ತೇನೆ.